ಅಕ್ಷರಗುಂಡು, ಎಮ್ಮೆ ತಮ್ಮನ ಗುಂಡು, ಬಳೆಗಾರ ಗುಂಡು: ನಮ್ಮ ಗುಡ್ಡದ ಹೆಸರುಗಳನ್ನ ಯಾರಾದ್ರೂ ಬರೆದಿಟ್ಟಿದ್ದೀರಾ?

ಗುಡ್ಡದ ಬುಡದವನು (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಮೊಳಕಾಲ್ಮುರು ತಾಲೂಕಿನ ಅಶೋಕ ಸಿದ್ದಾಪುರದ ಕಡೆ. ಕೆಲಸ ಅಂತ ದಾವಣಗೆರೆಗೆ ಬಂದು ಹದಿನೆಂಟು ವರ್ಷ ಆಯ್ತು. ಹೋದ ವಾರ ಮಗಳಿಗೆ ಶಾಲೆಯಲ್ಲಿ ‘ನಮ್ಮ ನಾಡಿನ ಶಾಸನಗಳು’ ಅಂತ ಒಂದು ಚಾರ್ಟ್ ಮಾಡೋಕೆ ಹೇಳಿದ್ರು. ನೋಡಿಯೇ ಬರೀಲಿ ಅಂತ ಅವಳನ್ನ ಬ್ರಹ್ಮಗಿರಿಗೆ ಕರ್ಕೊಂಡು ಹೋದೆ. ಬೋರ್ಡು ಓದಿ ‘ಅಶೋಕನ ಶಾಸನ’ ಅಂತ ನೋಟ್‌ಬುಕ್ಕಲ್ಲಿ ಬರ್ಕೊಂಡಳು. ಅಲ್ಲೇ ಆಡು ಹೊಡ್ಕೊಂಡು ಹೋಗ್ತಿದ್ದ ಅಜ್ಜಪ್ಪ ಒಬ್ರು ನಿಂತು, "ಅಕ್ಷರಗುಂಡು ನೋಡಾಕ ಬಂದ್ರೇನ್ರಪ್ಪಾ?" ಅಂದ್ರು. ಮಗಳು ನನ್ನ ಮುಖ ನೋಡಿದಳು. "ಅಪ್ಪಾ, ಎರಡರಲ್ಲಿ ಇದರ ಹೆಸರು ಯಾವುದು?"

ನಾನು ಚಿಕ್ಕವನಿದ್ದಾಗ ನಮ್ಮನೇಲಿ ಅಶೋಕ ಅನ್ನೋ ಮಾತೇ ಬರ್ತಿರಲಿಲ್ಲ. ಬ್ರಹ್ಮಗಿರಿ ಬುಡದ ಬಂಡೆ ಅಕ್ಷರಗುಂಡು. ಸಿದ್ದಾಪುರದ ಹತ್ರದ್ದು ಎಮ್ಮೆ ತಮ್ಮನ ಗುಂಡು. ಜಟಂಗಿ ರಾಮೇಶ್ವರದ ಬೆಟ್ಟದ ಮೇಲಿನದ್ದು ಬಳೆಗಾರ ಗುಂಡು. ಒಬ್ಬ ಚಕ್ರವರ್ತಿಯ ಮಾತು ಮೂರು ಬಂಡೆಗಳ ಮೇಲೆ ಇದೆ. ಆ ಬಂಡೆಗಳಿಗೆ ಹೆಸರಿಟ್ಟವರು ಎಮ್ಮೆ ಕಾಯೋರು, ಬಳೆ ಮಾರೋರು, ಓದೋಕೆ ಬಾರದಿದ್ರೂ ಅದು ಅಕ್ಷರ ಅಂತ ಗುರುತು ಹಿಡಿದ ನಮ್ಮ ಹಿರಿಯರು. ಈ ಹೆಸರುಗಳು ಈಗಿನ ಹುಡುಗರ ಬಾಯಲ್ಲಿ ಇಲ್ಲ. ಮೊಬೈಲ್ ನಕಾಶೆಯಲ್ಲಿ ಹುಡುಕಿದ್ರೆ ‘ಅಶೋಕನ ಶಾಸನ’ ಅಂತಲೇ ತೋರಿಸುತ್ತೆ.

ಶಾಸನದ ಬಗ್ಗೆ ಬೇಕಾದಷ್ಟು ಪುಸ್ತಕ ಇವೆ. ನನಗೆ ಬೇಕಾಗಿರೋದು ಸುತ್ತಲಿನ ಊರುಗಳ ಹೆಸರು, ಮಾತು, ನೆನಪು. ಸಿದ್ದಾಪುರ, ರೊಪ್ಪ, ಹಾನೆಯ, ರಾಂಪುರ, ದೇವಸಮುದ್ರದ ಕಡೆಯವರು ಯಾರಾದ್ರೂ ಇದ್ರೆ ಗೊತ್ತಿರೋದನ್ನ ಬರೀರಿ.

ಮೇಷ್ಟ್ರು (ಚಿತ್ರದುರ್ಗ):

ತಮ್ಮಾ, ನಿಮ್ಮ ಮಗಳು ಕೇಳಿದ್ದು ಸರಿಯಾದ ಪ್ರಶ್ನೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ಗೊತ್ತಿರುವುದನ್ನು ಹೇಳುತ್ತೇನೆ.

ಈ ಮೂರು ಶಾಸನಗಳನ್ನು ವಿದ್ವತ್ ಲೋಕಕ್ಕೆ ತೋರಿಸಿಕೊಟ್ಟವರು ಬಿ.ಎಲ್. ರೈಸ್, 1892ರಲ್ಲಿ. ಆಗ ಮಸ್ಕಿ ಶಾಸನ ಇನ್ನೂ ಸಿಕ್ಕಿರಲಿಲ್ಲ, ಅದು ಸಿಕ್ಕಿದ್ದು 1915ರಲ್ಲಿ. ‘ಅಶೋಕ’ ಎಂಬ ಹೆಸರು ಬಿಡಿಸಿ ಬರೆದಿರುವುದು ಮಸ್ಕಿಯಲ್ಲಿ. ನಮ್ಮ ಬ್ರಹ್ಮಗಿರಿ ಬಂಡೆಯ ಮೇಲೆ ಆ ಹೆಸರಿಲ್ಲ, ‘ದೇವಾನಂಪಿಯ’ ಎಂದಷ್ಟೇ ಇದೆ, ಅಂದರೆ ದೇವರಿಗೆ ಪ್ರಿಯನಾದವನು. ಹಾಗಾಗಿ ‘ಅಶೋಕನ ಶಾಸನ’ ಎನ್ನುವುದು ಬಂಡೆಗೆ ಆಮೇಲೆ ಅಂಟಿದ ಹೆಸರು. ಬಂಡೆಯ ಮೇಲೂ ಅದಿಲ್ಲ, ಊರವರ ಬಾಯಲ್ಲೂ ಇರಲಿಲ್ಲ. ‘ಅಕ್ಷರಗುಂಡು’ ಅದಕ್ಕಿಂತ ಹಳೆಯದು. ಇದನ್ನು ಮಗಳಿಗೆ ಧೈರ್ಯವಾಗಿ ಹೇಳಿ.

ಇನ್ನೊಂದು ಮಾತು. ಈ ಶಾಸನ ಒಂದು ಸರ್ಕಾರಿ ಪತ್ರ ಇದ್ದ ಹಾಗೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ರಾಜನ ಮಾತನ್ನು ತಿಳಿಸುತ್ತಾರೆ. ಆ ಇಸಿಲ ಬ್ರಹ್ಮಗಿರಿಯ ಬುಡದಲ್ಲೇ ಇದ್ದ ಪಟ್ಟಣ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಂದರೆ ನೀವು ಹುಟ್ಟಿದ ಜಾಗದ ಹೆಸರು ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಕಲ್ಲಿನ ಮೇಲೆ ಬಂದಿದೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಬರೆದವನು ‘ಲಿಪಿಕಾರ’ ಎಂಬ ತನ್ನ ಕಸುಬಿನ ಮಾತನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಗಡಿಯ ಲಿಪಿ. ತರಗತಿಯಲ್ಲಿ ಈ ಭಾಗಕ್ಕೆ ಬಂದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು. ಅಷ್ಟು ದೂರದ ಅಕ್ಷರ ಕಲಿತವನೊಬ್ಬ ನಮ್ಮ ಶೇಂಗಾ ಹೊಲಗಳ ನಡುವೆ ಬಂಡೆಯ ಮುಂದೆ ಕೂತು ಉಳಿ ಹಿಡಿದಿದ್ದಾನೆ!

ರೊಪ್ಪದ ಸೊಸೆ:

ಮೇಷ್ಟ್ರೇ, ಇಷ್ಟು ವಿಷಯ ನನಗೆ ಗೊತ್ತಿರಲಿಲ್ಲ. ನಾನು ಮದುವೆಯಾಗಿ ರೊಪ್ಪಕ್ಕೆ ಬಂದವಳು. ಬಂಡೆ ನಮ್ಮ ಮನೆಯಿಂದ ನಡ್ಕೊಂಡು ಹೋಗೋ ದೂರ.

ನಮ್ಮ ಅತ್ತೆ ಅದಕ್ಕೆ ಅಕ್ಷರಗುಂಡು ಅಂತಲೇ ಅಂತಿದ್ರು. ಕರು ಹಾಕಿದ ಹಸು ಸರಿಯಾಗಿ ಮೇವು ತಿನ್ನದಿದ್ರೆ, ಬಂಡೆ ಮೇಲೆ ನೀರು ಹೊಯ್ದು ಕೆಳಗೆ ಚೊಂಬು ಹಿಡಿದು, ಆ ನೀರನ್ನ ತಂದು ಹಸುಗೆ ಕುಡಿಸ್ತಿದ್ರಂತೆ. ಬಾಣಂತಿಯರಿಗೂ ಕೊಡ್ತಿದ್ರು ಅಂತ ಅತ್ತೆಯ ಅತ್ತೆ ಹೇಳ್ತಿದ್ರಂತೆ. ಈಗ ಮಂಟಪ ಕಟ್ಟಿ ಕಬ್ಬಿಣದ ಸರಳು ಹಾಕಿದ್ದಾರೆ, ಯಾರೂ ನೀರು ಹೊಯ್ಯಲ್ಲ. ಅದು ಒಳ್ಳೇದೇ, ಅಕ್ಷರ ಉಳೀಬೇಕು. ಆದ್ರೆ ಅತ್ತೆ ತೀರಿಕೊಂಡ ಮೇಲೆ ನನಗೆ ಅನ್ನಿಸಿದ್ದು, ಆ ಬಂಡೆ ಅವರಿಗೆ ಒಬ್ಬ ವೈದ್ಯ ಇದ್ದ ಹಾಗಿತ್ತು. ಇದನ್ನ ಯಾವ ಬೋರ್ಡಿನ ಮೇಲೂ ಬರೆದಿಲ್ಲ.

ಇನ್ನೊಂದು ಕಷ್ಟ ಹೇಳ್ಕೋಬೇಕು. ನಮ್ಮ ಬಚ್ಚಲಮನೆ ಗೋಡೆ ಬಿದ್ದು ಎರಡು ಮಳೆಗಾಲ ಆಯ್ತು. ಕಟ್ಟೋಕೆ ಹೋದ್ರೆ ಅನುಮತಿ ಬೇಕು ಅಂತಾರೆ, ಎಲ್ಲಿಂದ ಅಂತ ಯಾರೂ ಸರಿಯಾಗಿ ಹೇಳಲ್ಲ. ಹೀಗಾದ್ರೆ ಊರಲ್ಲಿ ಬಂಡೆ ಮೇಲಿನ ಪ್ರೀತಿ ಹೇಗೆ ಉಳೀಬೇಕು?

ದುರ್ಗದ ವಕೀಲ:

ಅಕ್ಕಾರೇ, ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಪುರಾತನ ಸ್ಮಾರಕಗಳ ಕಾಯ್ದೆ 1958ರದ್ದು, 2010ರಲ್ಲಿ ಅದಕ್ಕೆ ತಿದ್ದುಪಡಿ ಆಯ್ತು. ಕೇಂದ್ರದ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವ ಹಾಗಿಲ್ಲ. ಆದರೆ ಇದ್ದ ಮನೆಯ ರಿಪೇರಿ, ನವೀಕರಣಕ್ಕೆ ಅರ್ಜಿ ಹಾಕಬಹುದು. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಹೊಸದನ್ನೂ ಕಟ್ಟಬಹುದು. ಅರ್ಜಿ ಹೋಗೋದು ‘ಸಕ್ಷಮ ಪ್ರಾಧಿಕಾರ’ಕ್ಕೆ, ಅವರು ಅದನ್ನ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಮುಂದಿಡ್ತಾರೆ. ಮನೆಯ ಪಹಣಿ ಅಥವಾ ಖಾತೆ, ಈಗಿನ ಗೋಡೆಯ ಫೋಟೋ, ಅಳತೆಯ ನಕ್ಷೆ ಜೋಡಿಸಿಟ್ಕೊಳ್ಳಿ. ಬಚ್ಚಲಮನೆ ಗೋಡೆ ಇದ್ದ ಜಾಗದಲ್ಲೇ, ಇದ್ದ ಎತ್ತರಕ್ಕೇ ಕಟ್ತೀವಿ ಅಂತ ಸ್ಪಷ್ಟವಾಗಿ ಬರೀರಿ.

ಇದೇ ಕಾಯ್ದೆಯಲ್ಲಿ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಊರವರಿಗೆ ‘ಕಟ್ಟಬೇಡಿ’ ಅನ್ನೋ ಭಾಗ ಒಂದೇ ಮುಟ್ಟಿದೆ, ರಿಪೇರಿಯ ದಾರಿ ಯಾರೂ ತಿಳಿಸಿಲ್ಲ. ಇದು ನನಗೂ ಬೇಸರದ ವಿಷಯ.

ರೊಪ್ಪದ ಸೊಸೆ:

ದೇವರು ಒಳ್ಳೇದು ಮಾಡ್ಲಿ ಅಣ್ಣಾ. ಪಹಣಿ ಮಾವನ ಹೆಸರಲ್ಲಿ ಇದೆ, ತೆಗೆಸ್ತೀವಿ.

ಶೇಂಗಾ ಹೊಲ:

ಇಲ್ಲಿ ಬರೆಯೋಕೆ ಮೊದಲು ಎರಡು ಸಲ ಯೋಚನೆ ಮಾಡಿದೆ. ಆದ್ರೂ ಬರೀತೀನಿ, ಯಾಕಂದ್ರೆ ಇದು ನನ್ನ ಎದೆ ಮೇಲೆ ಕೂತಿದೆ.

ನಮ್ಮ ಸೀಮೆಯ ಹೊಲಗಳಲ್ಲಿ ದುಂಡಗೆ ಕಲ್ಲು ನೆಟ್ಟಿರೋ ಜಾಗ ಇರೋದು ನೀವೆಲ್ಲ ನೋಡಿರ್ತೀರಿ. ನಮ್ಮಜ್ಜಿ ಅದಕ್ಕೆ ಪಾಂಡವರ ಮನೆ ಅಂತಿದ್ದಳು. ನಮ್ಮ ಹೊಲದ ಬದುವಿನ ಹತ್ರ ಅಂಥದ್ದು ಎರಡಿದ್ವು. ಒಂದರ ಮಧ್ಯೆ ನಾಲ್ಕು ಚಪ್ಪಡಿ ನಿಲ್ಲಿಸಿ ಪೆಟ್ಟಿಗೆ ಥರ ಮಾಡಿದ್ರು. ಮೂಡಣ ದಿಕ್ಕಿನ ಚಪ್ಪಡಿಗೆ ದುಂಡನೆ ತೂತು. ಏಳೆಂಟು ವರ್ಷದವನಿದ್ದಾಗ ನಾನು ಆ ತೂತಲ್ಲಿ ತಲೆ, ಒಂದು ಭುಜ ತೂರಿಸ್ತಿದ್ದೆ. ಒಳಗೆ ತಣ್ಣಗೆ ಮಣ್ಣಿನ ವಾಸನೆ. ತೂತಿನ ಅಂಚು ಎಷ್ಟು ನುಣುಪು ಅಂದ್ರೆ, ರೊಟ್ಟಿ ತಟ್ಟೋ ಮರಿಗೆಯ ಅಂಚು ಹೇಗಿರುತ್ತೋ ಹಾಗೆ. ಕಬ್ಬಿಣದ ಉಳಿ ಸವೆದು ಸವೆದು ಆದ ನುಣುಪು ಅದು ಅಂತ ಈಗ ಅರ್ಥ ಆಗುತ್ತೆ.

ಕೊಳವೆಬಾವಿಗೆ ನೀರು ಬಿತ್ತು, ಹೊಲ ಸಮ ಮಾಡಬೇಕು ಅಂತ ಚಿಕ್ಕಪ್ಪ ಜೆಸಿಬಿ ಕರೆಸಿದರು. ನಾನೂ ಅಲ್ಲೇ ನಿಂತಿದ್ದೆ. ಇಪ್ಪತ್ತು ನಿಮಿಷ ಸಾಕಾಯ್ತು. ಚಪ್ಪಡಿ ಎದ್ದಾಗ ಒಳಗೆ ಮಡಕೆ ಚೂರು ಬಂದ್ವು, ಒಳಗಡೆ ಕಪ್ಪು, ಹೊರಗಡೆ ಕೆಂಪು, ಬಾಯಿ ಹತ್ರ ಮಿರಿಮಿರಿ ಹೊಳಪು. ಡ್ರೈವರ್ ಬಕೆಟ್ಟಲ್ಲಿ ತುಂಬಿ ಹಳ್ಳಕ್ಕೆ ಸುರಿದ. ನಾನು ಬೇಡ ಅನ್ನಲಿಲ್ಲ, ಬೇಡ ಅನ್ನಬೇಕು ಅಂತ ಗೊತ್ತಿರಲಿಲ್ಲ. ಬಂಡೆ ಮೇಲೆ ಅಕ್ಷರ ಇದ್ರೆ ಅದು ಇತಿಹಾಸ, ಅಕ್ಷರ ಇಲ್ಲದ ಕಲ್ಲು ಬರೀ ಕಲ್ಲು ಅಂತ ಅಂದ್ಕೊಂಡಿದ್ದೆ.

ಒಂದು ಉಳಿದಿದೆ. ಅದರ ಸುತ್ತ ನಾಲ್ಕು ಮಾರು ಬಿಟ್ಟು ಉಳ್ತೀವಿ ಈಗ.

ಮೇಷ್ಟ್ರು (ಚಿತ್ರದುರ್ಗ):

ಮಗಾ, ನೀನು ಬರೆದದ್ದು ಒಳ್ಳೆಯದಾಯಿತು. ನೀನು ಹೇಳಿದ ಕಪ್ಪು-ಕೆಂಪು ಮಡಕೆ ಬೃಹತ್ ಶಿಲಾ ಸಮಾಧಿಗಳ ಗುರುತು. ಆ ಚೂರುಗಳಿಂದ ಎಂಥ ಕೆಲಸ ಆಗಿದೆ ಅಂತ ಕೇಳು.

ಬ್ರಹ್ಮಗಿರಿಯಲ್ಲಿ 1940ರ ದಶಕದ ಮೊದಲಲ್ಲಿ ಮೈಸೂರಿನ ಡಾ. ಎಂ.ಎಚ್. ಕೃಷ್ಣ ಅವರು ಅಗೆಸಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು, ಆಗ ಅವರು ಭಾರತೀಯ ಪುರಾತತ್ವ ಇಲಾಖೆಯ ಮುಖ್ಯಸ್ಥರು. ದಕ್ಷಿಣ ಭಾರತದ ಹಳೆಯ ನೆಲೆಗಳ ಕಾಲ ಹೇಳುವುದು ಆಗ ಕತ್ತಲಲ್ಲಿ ತಡಕಾಡಿದಂತಿತ್ತು. ಅದಕ್ಕೆ ಎರಡು ವರ್ಷ ಮೊದಲು ಅವರು ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ರೋಮನ್ ಸಾಮಾನುಗಳ ಜೊತೆ ಒಂದು ಬಗೆಯ ಮಡಕೆ ನೋಡಿದ್ದರು, ಒಳತಳದಲ್ಲಿ ಹಲ್ಲುಗಾಲಿ ಉರುಳಿಸಿದಂಥ ಗೆರೆ ಇರುವುದು. ಅದೇ ಮಡಕೆ ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಸಿಕ್ಕಿತು. ರೋಮನ್ ಸಾಮಾನಿನ ಕಾಲ ಗೊತ್ತಿತ್ತು, ಅದರಿಂದ ಮೇಲಿನ ಪದರದ ಕಾಲ ಗೊತ್ತಾಯಿತು. ಅದರ ಕೆಳಗಿನದು ನಿನ್ನ ಪಾಂಡವರ ಮನೆಯವರದು, ಇನ್ನೂ ಕೆಳಗಿನದು ಕಲ್ಲುಕೊಡಲಿಯವರದು. ಮುಂದೆ ಕಾರ್ಬನ್ ಪರೀಕ್ಷೆ ಬಂದ ಮೇಲೆ ಕಲ್ಲುಕೊಡಲಿ ಜನರ ಕಾಲ ವೀಲರ್ ಹೇಳಿದ್ದಕ್ಕಿಂತ ಬಹಳ ಹಿಂದಕ್ಕೆ ಹೋಯಿತು. ಆದರೂ ಒಂದರ ಮೇಲೊಂದು ಜನ ಬದುಕಿದ ಕ್ರಮವನ್ನು ಮೊದಲು ಬಿಡಿಸಿ ತೋರಿಸಿದ್ದು ನಮ್ಮ ರೊಪ್ಪದ ಪಕ್ಕದ ಮಣ್ಣು.

ಪದರ ಒಮ್ಮೆ ಕಲಸಿಹೋದರೆ ಮತ್ತೆ ಜೋಡಿಸಲು ಬರುವುದಿಲ್ಲ. ಉಳಿದ ಒಂದನ್ನು ಜೋಪಾನ ಮಾಡು.

ಹಗರಿ ದಂಡೆ:

ನಾವು ಮನೇಲಿ ತೆಲುಗು, ಬೀದೀಲಿ ಕನ್ನಡ. ರಾಯದುರ್ಗ ನಮಗೆ ಹತ್ರ, ಸಂತೆಗೆ ಅತ್ತ ಕಡೆಗೇ ಹೋಗೋದು.

ಬುಡದವರು ‘ಎಮ್ಮೆ ತಮ್ಮನ ಗುಂಡು’ ಅಂತ ಬರೆದಿದ್ದಾರೆ. ನಮ್ಮ ಕಡೆ ಅದನ್ನ ‘ಗುಂಡ್ಲು’ ಅಂತಾರೆ. ತೆಲುಗಲ್ಲಿ ಗುಂಡ್ಲು ಅಂದ್ರೆ ಬಹುವಚನ, ಗುಂಡುಗಳು. ಎಮ್ಮೆಗೆ ತೆಲುಗಲ್ಲಿ ಎನುಮು. ಆದ್ರೂ ಯಾರೂ ಎಮ್ಮೆ ಅನ್ನೋದನ್ನ ತೆಲುಗು ಮಾಡಲಿಲ್ಲ. ಮುಂದಿನ ಅರ್ಧ ಕನ್ನಡ, ಹಿಂದಿನ ಬಾಲ ತೆಲುಗು. ಚಿನ್ನ ಹಗರಿಯ ಎರಡೂ ದಂಡೆ ಜನ ಬದುಕೋದೇ ಹೀಗೆ, ಮಾತು ಮಾತಾಡ್ತಾ ಮಧ್ಯದಲ್ಲಿ ಹೊಳೆ ದಾಟಿಬಿಡ್ತೀವಿ. ಬೋರ್ಡು ಬರೆಸೋದಾದ್ರೆ ದಯವಿಟ್ಟು ‘ಗುಂಡ್ಲು’ ಅನ್ನೋದನ್ನ ತಿದ್ದಬೇಡಿ.

ಗುಡ್ಡದ ಬುಡದವನು:

ಅಣ್ಣಾ, ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮಮ್ಮನೂ ಗುಂಡ್ಲು ಅಂತಲೇ ಅಂತಿದ್ದಳು. ನಾನು ಶಾಲೆಗೆ ಹೋದ ಮೇಲೆ ‘ಗುಂಡು’ ಮಾಡ್ಕೊಂಡೆ. ಇನ್ಮೇಲೆ ಗುಂಡ್ಲು ಅಂತಲೇ ಬರೀತೀನಿ.

ಬರಗಾಲ ಕಂಡವನು:

ಎಲ್ಲರೂ ಒಳ್ಳೇ ವಿಷಯ ಬರೆದಿದ್ದೀರಿ, ಇಲ್ಲ ಅನ್ನಲ್ಲ. ಆದ್ರೆ ನನಗೊಂದು ಸಂಕಟ ಇದೆ. ನಮ್ಮ ತಾಲೂಕಿನ ಮಳೆ ನಿಮಗೆ ಗೊತ್ತು. ಶೇಂಗಾ ಹೂ ಕಟ್ಟೋ ಹೊತ್ತಿಗೆ ಮಳೆ ಕೈಕೊಟ್ರೆ ಬೀಜದ ದುಡ್ಡೂ ಬರಲ್ಲ. ಕೊಳವೆಬಾವಿ ಎಷ್ಟು ಆಳಕ್ಕೆ ಹೋದ್ರೂ ಫ್ಲೋರೈಡ್ ನೀರು. ಊರಲ್ಲಿ ಹುಡುಗರು ನಿಲ್ತಿಲ್ಲ, ಬೆಂಗಳೂರು ಸೇರ್ತಿದ್ದಾರೆ. ಮೊಳಕಾಲ್ಮುರು ರೇಷ್ಮೆ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದೆ ಅಂತ ಹೆಮ್ಮೆ ಪಡ್ತೀವಿ, ಆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರೋಕೆ ಮುಂದಿನ ತಲೆಮಾರು ಎಲ್ಲಿದೆ? ದೇವರಿಗೆ ಬಿಟ್ಟ ಎತ್ತುಗಳಿಗೆ ಬೇಸಿಗೆಯಲ್ಲಿ ಮೇವು ಹೊಂದಿಸೋಕೆ ಅವನ್ನ ಕಾಯೋ ಕಿಲಾರಿಗಳು ಪಡೋ ಪಾಡು ನೋಡಿದ್ದೀನಿ. ಜನ ಇದ್ರೆ ತಾನೇ ಹೆಸರು. ಮೊದಲು ನೀರು, ಮೇವು, ಕೆಲಸ ಕೇಳೋಣ ಅಂತ ನನ್ನ ಅಭಿಪ್ರಾಯ.

ಗುಡ್ಡದ ಬುಡದವನು:

ಅಣ್ಣಾ, ನಿಮ್ಮ ಮಾತಿಗೆ ಎದುರಾಡಲ್ಲ. ನಾನೇ ಊರು ಬಿಟ್ಟವನು, ನೀರಿಲ್ಲ ಅಂತಲೇ ಬಿಟ್ಟಿದ್ದು. ಆದ್ರೆ ನೀವು ಹೇಳಿದ ಕಿಲಾರಿಗಳನ್ನೇ ತಗೊಳ್ಳಿ. ಯಾವ ಗುಡ್ಡದ ಯಾವ ಮಗ್ಗುಲಲ್ಲಿ ಮೊದಲ ಮಳೆಗೆ ಹುಲ್ಲು ಚಿಗುರುತ್ತೆ, ಯಾವ ಬಂಡೆ ಸಂದಿಯ ದೊಣೆಯಲ್ಲಿ ಚೈತ್ರದವರೆಗೂ ನೀರು ನಿಲ್ಲುತ್ತೆ, ಅದೆಲ್ಲ ಅವರಿಗೆ ಹೆಸರಿನಿಂದ ಗೊತ್ತು. ಜಾಗಕ್ಕೆ ಹೆಸರು ಇದ್ರೇ ‘ಅಲ್ಲಿಗೆ ಹೊಡ್ಕೊಂಡು ಹೋಗು’ ಅಂತ ಮಗನಿಗೆ ಹೇಳೋಕೆ ಆಗೋದು. ನೀರಿನ ಲೆಕ್ಕ ಮತ್ತೆ ಹೆಸರಿನ ಲೆಕ್ಕ ನಮ್ಮ ಕಡೆ ಬೇರೆ ಬೇರೆ ಇರಲಿಲ್ಲ. ದೊಣೆಯ ಹೆಸರು ಮರೆತ ಊರು ಆ ದೊಣೆಯ ಹೂಳು ತೆಗೆಯೋದನ್ನೂ ಮರೆಯುತ್ತೆ. ನಮ್ಮೂರಲ್ಲೇ ಇದು ಆಗಿದೆ, ನಾನು ನೋಡಿದ್ದೀನಿ.

ಬರಗಾಲ ಕಂಡವನು:

ದೊಣೆ ಮಾತು ನಿಜ. ನಮ್ಮ ಮಾವನ ಹತ್ರ ಅಂಥ ಏಳೆಂಟು ಹೆಸರು ಇರಬಹುದು. ವಯಸ್ಸು ಎಂಬತ್ತು ದಾಟಿದೆ. ಈ ಭಾನುವಾರವೇ ಕೂತು ಬರ್ಕೊಳ್ತೀನಿ.

ರಾಂಪುರದ ಬಳೆ ಅಂಗಡಿ:

ನಮ್ಮದು ಬಳೆ ಮಾರೋ ಮನೆತನ. ಬಳೆಗಾರ ಗುಂಡು ಅನ್ನೋ ಹೆಸರು ಕಂಡು ಖುಷಿಯಾಗಿ ಬರೀತಿದ್ದೀನಿ.

ಜಟಂಗಿ ರಾಮೇಶ್ವರ ಎತ್ತರದ ಬೆಟ್ಟ. ರಾವಣನ ಜೊತೆ ಹೋರಾಡಿ ಜಟಾಯು ಬಿದ್ದ ಜಾಗ ಅದೇ, ಅದಕ್ಕೇ ರಾಮ ಅಲ್ಲಿ ಲಿಂಗ ಇಟ್ಟ ಅಂತ ನಮ್ಮ ಕಡೆ ಎಲ್ಲರ ನಂಬಿಕೆ. ಜಾತ್ರೆ ದಿನ ನಮ್ಮ ತಾತ ಬಳೆಯ ಮಲಾರ ಹೆಗಲಿಗೆ ಹಾಕ್ಕೊಂಡು ಬೆಳಗಿನ ಜಾವವೇ ಹತ್ತೋಕೆ ಶುರು ಮಾಡ್ತಿದ್ದ. ಮೇಲೆ ಒಂದು ಕಡೆ ಬಂಡೆ ಚಪ್ಪಟೆಯಾಗಿ ಹಾಸಿಕೊಂಡಿದೆ. ಗಾಜಿನ ಬಳೆ ಹರಡೋಕೆ ಸಮ ಇರೋ ಜಾಗ ಬೇಕು, ಇಲ್ಲಾಂದ್ರೆ ಉರುಳಿ ಒಡೆದುಹೋಗುತ್ತೆ. ಅದಕ್ಕೇ ಬಳೆಗಾರರೆಲ್ಲ ಅಲ್ಲೇ ಕೂರ್ತಿದ್ರು. ಕಂಬಳಿ ಹಾಸಿ ಅದರ ಮೇಲೆ ಹಸಿರು ಒಂದು ಸಾಲು, ಕೆಂಪು ಒಂದು ಸಾಲು. ಕಂಬಳಿಯ ಕೆಳಗೆ ಅಕ್ಷರ ಇದೆ ಅಂತ ತಾತನಿಗೆ ಯಾರೂ ಹೇಳಿರಲಿಲ್ಲ. ಮೂರು ಶಾಸನಗಳಲ್ಲಿ ಅದೇ ಹೆಚ್ಚು ಸವೆದಿರೋದು ಅಂತ ಒಬ್ಬ ಸಂಶೋಧಕರು ಹೇಳಿದಾಗ ನನಗೆ ಹೊಟ್ಟೇಲಿ ಕಲ್ಲು ಹಾಕಿದ ಹಾಗಾಯ್ತು. ನಮ್ಮ ಕಂಬಳಿಯಿಂದ, ನಮ್ಮ ಜನರ ಕಾಲಿಂದ ಸವೆದಿದ್ಯೇನೋ ಅಂತ. ಮೇಷ್ಟ್ರೇ, ಹಾಗೇನಾ?

ಮೇಷ್ಟ್ರು (ಚಿತ್ರದುರ್ಗ):

ತಾಯೀ, ಹಾಗೆ ನೊಂದುಕೊಳ್ಳಬೇಡ. ಆ ಬಂಡೆ ನೆಲಕ್ಕೆ ಅಡ್ಡಲಾಗಿ ಮಲಗಿದೆ. ಬಿಸಿಲು, ಮಳೆ, ಗಾಳಿ ನೇರ ಅದರ ಮೇಲೆ. ಎರಡು ಸಾವಿರ ವರ್ಷ ಅಂಥ ಜಾಗದಲ್ಲಿ ಅಕ್ಷರ ಉಳಿದದ್ದೇ ದೊಡ್ಡದು. ಜನ ಓಡಾಡಿದ್ದರಿಂದ ಒಂದಷ್ಟು ಸವೆದಿರಬಹುದು, ಅದನ್ನು ಅಲ್ಲಗಳೆಯಲಾರೆ. ಆದರೆ ಶಾಸನದಲ್ಲಿ ಹೇಳಿರುವುದು ಏನು? ತಾಯಿ ತಂದೆಯ ಸೇವೆ ಮಾಡಬೇಕು, ಗುರುಗಳನ್ನು ಗೌರವಿಸಬೇಕು, ಜೀವಗಳ ಮೇಲೆ ದಯೆ ಇರಬೇಕು, ನಿಜ ನುಡಿಯಬೇಕು. ಇದು ಹಿಂದಿನಿಂದ ಬಂದ ನಡೆ ಎಂದೂ ಬರೆಸಿದ್ದಾನೆ. ಜನ ಸೇರುವ ಕಡೆ ಬರೆಸಿದ ಮಾತು ಅದು, ಜನ ಸೇರುವ ಜಾಗದಲ್ಲೇ ಉಳಿಯಿತು. ನಿಮ್ಮ ತಾತನ ಕಸುಬು ಆ ಬಂಡೆಗೆ ಹೆಸರು ಕೊಟ್ಟಿದೆ. ನೂರು ವರ್ಷದ ಹಿಂದೆಯೇ ಶಾಸನ ಓದಿದ ವಿದ್ವಾಂಸರು ಆ ಹೆಸರನ್ನೂ, ಬಳೆಗಾರರು ಕೂರುತ್ತಿದ್ದ ಕಾರಣವನ್ನೂ ಪುಸ್ತಕದಲ್ಲಿ ದಾಖಲಿಸಿದ್ದಾರೆ.

ನಿಜವಾಗಿ ನಿಲ್ಲಿಸಬೇಕಾದ್ದು ಬೇರೆ ಇದೆ. ಫೋಟೋದಲ್ಲಿ ಚೆನ್ನಾಗಿ ಕಾಣಲಿ ಎಂದು ಅಕ್ಷರದ ಮೇಲೆ ಸೀಮೆಸುಣ್ಣ ತಿಕ್ಕುವುದು, ಬಂಡೆಗೆ ಬಣ್ಣ ಬಳಿಯುವುದು. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಹೋಗಿ, ಅಕ್ಷರ ತಾನೇ ಎದ್ದು ಕಾಣುತ್ತದೆ.

ರಾಂಪುರದ ಬಳೆ ಅಂಗಡಿ:

ಪುಸ್ತಕದಲ್ಲಿ ನಮ್ಮ ಕಸುಬು ಇದೆಯಾ? ಇದನ್ನ ಇವತ್ತೇ ನಮ್ಮಪ್ಪನಿಗೆ ಓದಿ ಹೇಳ್ತೀನಿ.

ಗುಡ್ಡದ ಬುಡದವನು:

ಮಗಳ ಚಾರ್ಟ್ ಮುಗೀತು. ಮೇಲೆ ದೊಡ್ಡ ಅಕ್ಷರದಲ್ಲಿ ‘ಅಕ್ಷರಗುಂಡು’, ಅದರ ಕೆಳಗೆ ಚಿಕ್ಕದಾಗಿ ‘ಅಶೋಕನ ಶಾಸನ, ಬ್ರಹ್ಮಗಿರಿ’. ಪಕ್ಕದಲ್ಲಿ ಎಮ್ಮೆ ತಮ್ಮನ ಗುಂಡ್ಲು, ಬಳೆಗಾರ ಗುಂಡು. ಬಳೆಗೆ ಹಸಿರು ಕೆಂಪು ಸ್ಕೆಚ್ ಪೆನ್ನಲ್ಲಿ ಎರಡು ಸಾಲು ಬಿಡಿಸಿದ್ದಾಳೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ, ಎಮ್ಮೆ ತಮ್ಮ ಅಂದ್ರೆ ಯಾರಮ್ಮಾ ಅಂತ ಕೇಳಿದೆ. "ಯಾರೋ ಏನೋ ಕಣಪ್ಪ, ನಾವು ಕಂಡಿಲ್ಲ. ಮಧ್ಯಾಹ್ನ ಬಿಸಿಲಿಗೆ ಎಮ್ಮೆಗಳು ಆ ಗುಂಡ್ಲು ನೆರಳಿಗೆ ಬಂದು ಮಲಗ್ತಿದ್ವು. ನಾನೂ ಬುತ್ತಿ ಬಿಚ್ಚಿ ಅಲ್ಲೇ ಉಣ್ತಿದ್ದೆ" ಅಂದಳು. ಬುತ್ತಿಗೆ ಏನಿರ್ತಿತ್ತು ಅಂದೆ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಆಮೇಲೆ ತಾನಾಗಿಯೇ ಗುಡ್ಡದ ಹೆಸರು ಒಂದೊಂದೇ ಹೇಳೋಕೆ ಶುರು ಮಾಡಿದಳು. ಹನ್ನೊಂದು ಬರ್ಕೊಂಡಿದ್ದೀನಿ. ನಾಲ್ಕರ ಜಾಗ ಎಲ್ಲಿ ಅಂತ ನನಗೆ ಗೊತ್ತಾಗ್ತಿಲ್ಲ, ಅವಳ ಜೊತೆ ನಡ್ಕೊಂಡೇ ಹೋಗಿ ನೋಡಬೇಕು. ಅಮಾವಾಸ್ಯೆಗೆ ಊರಿಗೆ ಹೋಗ್ತಿದ್ದೀನಿ. ರೊಪ್ಪ, ಹಾನೆಯ ಕಡೆಯ ಹಿರಿಯರು ಯಾರಿದ್ದಾರೆ, ಯಾವ ಹೊತ್ತಿಗೆ ಮನೇಲಿ ಸಿಗ್ತಾರೆ ಅಂತ ಅಕ್ಕ, ಅಣ್ಣಂದಿರು ತಿಳಿಸಿದ್ರೆ ನೋಟ್‌ಬುಕ್ ತಗೊಂಡು ಬರ್ತೀನಿ.

ರೊಪ್ಪದ ಸೊಸೆ:

ಬನ್ನಿ ಅಣ್ಣಾ. ಮಾವ ಸಂಜೆ ಐದಕ್ಕೆ ಆಡು ಹೊಡ್ಕೊಂಡು ವಾಪಸ್ ಬರ್ತಾರೆ, ಆಮೇಲೆ ಜಗಲಿ ಮೇಲೇ ಇರ್ತಾರೆ. ಕಿವಿ ಸ್ವಲ್ಪ ಮಂದ, ಜೋರಾಗಿ ಕೇಳಿ.